ಮೀನಿನ ವಾಸನೆ ಆಗದವರು ಆರೋಗ್ಯಕ್ಕೆ ಅಂತ ಯಾವ ಮೀನು ತಿನ್ನಬಹುದು?

ಕಾಣೆ ಮೀನಿನಿಂದ ಶುರು ಮಾಡಿ. ಬಿಳಿ ಮಾಂಸ, ಎಣ್ಣೆಯಂಶ ಕಡಿಮೆ, ಹಾಗಾಗಿ ವಾಸನೆಯೂ ಕಡಿಮೆ. ಬಂಗುಡೆಯಲ್ಲಿ ಒಮೆಗಾ-3 ಅನ್ನೋ ಒಳ್ಳೆ ಕೊಬ್ಬು ಜಾಸ್ತಿ ನಿಜ, ಆದರೆ ಮೊದಲ ದಿನಕ್ಕೆ ಬೇಡ.

ಕರಾವಳಿಯಿಂದ ಘಾಟಿ ಹತ್ತಿ ಶಿವಮೊಗ್ಗದಂಥ ಊರಿಗೆ ಬರುವಷ್ಟರಲ್ಲಿ ಮೀನು ಸ್ವಲ್ಪ ಹಳತಾಗಿರುತ್ತದೆ, ಅಲ್ವಾ? ಸಮುದ್ರದ ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದರಲ್ಲಿ ಟ್ರೈಮೀಥೈಲಮೀನ್ ಅನ್ನೋ ವಸ್ತು ಹುಟ್ಟಿಸುತ್ತವೆ, ಆ ನಾತ ಮುಖ್ಯವಾಗಿ ಅದರದ್ದೇ. ಹುಳಿ ತಾಗಿದರೆ ಅದು ಲವಣವಾಗಿ ಅಲ್ಲೇ ಉಳಿಯುತ್ತದೆ, ಗಾಳಿಗೆ ಏಳುವುದಿಲ್ಲ, ಮೂಗಿಗೂ ಬರುವುದಿಲ್ಲ. ಅದಕ್ಕೇ ಉಪ್ಪು, ಅರಿಶಿನ, ನಿಂಬೆರಸ ಸವರಿ 10 ನಿಮಿಷ ಬಿಟ್ಟು, ಬಾಡಿಸಿದ ಬಾಳೆಎಲೆಯಲ್ಲಿ ಸುತ್ತಿ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಿ, ಎಣ್ಣೆ ಒಂದು ಚಮಚ ಸಾಕು. ಮಾಂಸ ಬೆರಳಿಗೆ ಎಸಳೆಸಳಾಗಿ ಬಿಟ್ಟರೆ ಬೆಂದಿದೆ. ಜೊತೆಗೆ ಬಿಸಿ ಅಕ್ಕಿರೊಟ್ಟಿ ಇರಲಿ.