ಗುರುಗಳು ಬಾರದ ಭಾನುವಾರವೂ ಗುಡಿಯ ಬಾಗಿಲು ತೆರೆಯಲಿ

ಓದುಗರ ಪತ್ರ: "ನಮ್ಮೂರಿನಲ್ಲಿ ಇರುವುದು ಹದಿನೆಂಟು ಕಥೋಲಿಕ ಮನೆ. ತಿಂಗಳಿಗೆ ಎರಡು ಭಾನುವಾರ ಪೂಜೆ, ಉಳಿದ ಭಾನುವಾರ ಗುಡಿಗೆ ಬೀಗ. ಮೊದಮೊದಲು ಮೊಬೈಲಿನಲ್ಲಿ ಪೂಜೆ ನೋಡುತ್ತಿದ್ದೆವು, ಈಗ ಅದೂ ನಿಂತಿದೆ. ನಾಲ್ಕು ಮನೆಯವರು ಪಕ್ಕದೂರಿನ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾರೆ. ನನ್ನ ಮಗನಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಭಾನುವಾರವೂ ಶಿಫ್ಟು. ಮೊಬೈಲ್ ಪೂಜೆ ಸಾಲದೆ? ಇದರಲ್ಲಿ ಯಾರ ತಪ್ಪು?" (ಬಂಗಾರಪೇಟೆ ತಾಲ್ಲೂಕಿನ ಓದುಗರು)

ಕ್ರಿಸ್ತನಲ್ಲಿ ಪ್ರಿಯ ಸಹೋದರಿ,

ಮೊದಲು ಮಗನ ವಿಷಯ, ಅದಕ್ಕೆ ಉತ್ತರ ಸುಲಭ. ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನು ಸಂಹಿತೆಯ 1248ನೇ ವಿಧಿಯ ಪ್ರಕಾರ ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಕರ್ತವ್ಯ ಮುಗಿದಂತೆಯೇ. ಅದು ಯಾವ ಊರಿನ ಪೂಜೆಯಾದರೂ, ಯಾವ ಭಾಷೆಯದಾದರೂ ಸರಿ. ಶನಿವಾರವೂ ಬಿಡುವಿಲ್ಲದೆ ಹೊಟ್ಟೆಪಾಡಿಗೆ ದುಡಿಯುವವನ ಮೇಲೆ ಪಾಪದ ಹೊರೆ ಹೊರಿಸಬೇಡಿ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ರೇಷ್ಮೆಹುಳುವಿಗೆ ಭಾನುವಾರವೂ ಸೊಪ್ಪು ಹಾಕಲೇಬೇಕು, ಹಸುವಿನ ಹಾಲು ಕರೆಯಲೇಬೇಕು. ಬಿಡಲಾಗದ ಕೆಲಸ ಬೇರೆ, ಮನಸ್ಸಿಲ್ಲದೆ ತಪ್ಪಿಸಿಕೊಳ್ಳುವುದು ಬೇರೆ.

ಮೊಬೈಲ್ ಪೂಜೆ ಹಾಸಿಗೆ ಹಿಡಿದವರಿಗೆ, ನಡೆಯಲಾಗದ ವೃದ್ಧರಿಗೆ ದೊಡ್ಡ ಆಸರೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಕೈಕಾಲು ಗಟ್ಟಿಯಿರುವವರಿಗೆ ಅದು ಪೂಜೆಯಲ್ಲಿ ಪಾಲ್ಗೊಂಡಂತಾಗುವುದಿಲ್ಲ. ಪರಮಪ್ರಸಾದದ (ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿಯ) ಕುರಿತು 2007ರಲ್ಲಿ ಬರೆದ ಪತ್ರದಲ್ಲಿ ಅಂದಿನ ಪೋಪ್ ಹದಿನಾರನೇ ಬೆನೆಡಿಕ್ಟರು ಟಿ.ವಿ. ಪೂಜೆಯ ಬಗ್ಗೆ ಇದನ್ನೇ ಹೇಳಿದ್ದಾರೆ. ನಿಮ್ಮೂರಲ್ಲಿ ಅದು ತಾನಾಗಿ ನಿಂತುಹೋದ ಕಾರಣವೂ ಅಲ್ಲೇ ಇದೆ. ಪರದೆಯ ಮುಂದೆ ಕೂತವನನ್ನು ಯಾರೂ ಕಾಯುವುದಿಲ್ಲ, ಅವನು ಬರದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ.

ಹಾಗಾದರೆ ಪೂಜೆಯಿಲ್ಲದ ಭಾನುವಾರ ಏನು ಮಾಡಬೇಕು? ಅದೇ 1248ನೇ ವಿಧಿಯ ಎರಡನೇ ಭಾಗ ದಾರಿ ತೋರಿಸುತ್ತದೆ. ಪೂಜೆ ಸಿಗದ ಕಡೆ ವಿಶ್ವಾಸಿಗಳು ದೇವಾಲಯದಲ್ಲಿ ದೇವರ ವಾಕ್ಯದ ಆರಾಧನೆಗೆ ಸೇರಲಿ, ಇಲ್ಲವೆ ಮನೆಯವರೊಂದಿಗೋ ನಾಲ್ಕಾರು ಮನೆಯವರು ಕೂಡಿಯೋ ಪ್ರಾರ್ಥಿಸಲಿ ಎಂದು ಅದು ಬಲವಾಗಿ ಶಿಫಾರಸು ಮಾಡುತ್ತದೆ. ಇದನ್ನು ನಡೆಸುವ ಬಗೆಯನ್ನು ತಿಳಿಸಲು ವ್ಯಾಟಿಕನ್ 1988ರಲ್ಲಿ ಒಂದು ನಿರ್ದೇಶಿಕೆಯನ್ನೇ ಹೊರಡಿಸಿತು. ಖಾಯಂ ಗುರುಗಳಿಲ್ಲದ ನಮ್ಮ ಎಷ್ಟೋ ಉಪಕೇಂದ್ರಗಳಲ್ಲಿ ಅದರ ಹೆಸರೂ ಕೇಳಿಲ್ಲ. ಗುರುಗಳು ಬಂದರೆ ಮಾತ್ರ ಧರ್ಮಸಭೆ, ಬರದಿದ್ದರೆ ಬೀಗ ಎಂಬ ಅಭ್ಯಾಸ ಬೇರೂರಿರುವುದೇ ಇಂದಿನ ದೊಡ್ಡ ಸವಾಲು ಎಂದು ನಾವು ಒತ್ತಿ ಹೇಳುತ್ತೇವೆ.

ಗುರುಗಳ ಕಷ್ಟವನ್ನೂ ಅರಿಯಬೇಕು. ದಿನಕ್ಕೊಂದು ಪೂಜೆ ಎಂಬುದು ಸಾಮಾನ್ಯ ನಿಯಮ. ಅಗತ್ಯವಿದ್ದರೆ ಭಾನುವಾರ ಮೂರರ ತನಕ ಧರ್ಮಾಧ್ಯಕ್ಷರು (ಬಿಷಪ್) ಅನುಮತಿ ಕೊಡಬಹುದು. ಮುಖ್ಯ ದೇವಾಲಯದಲ್ಲೇ ಎರಡು ಭಾಷೆಗೆ ಎರಡು ಪೂಜೆಯಾದರೆ ಉಳಿಯುವುದು ಒಂದು. ಅದನ್ನು ಎಲ್ಲ ಉಪಕೇಂದ್ರಗಳೂ ಸರದಿಯಲ್ಲಿ ಹಂಚಿಕೊಳ್ಳಬೇಕು.

ಈಗ ಪ್ರಾರ್ಥನೆ ನಡೆಸುವ ಬಗೆ. ಡೇರಿಗೆ ಹಾಲು ಹಾಕಿ ಬಂದ ಮೇಲಿನ ಹೊತ್ತು, ಎಂಟೂವರೆ, ಒಳ್ಳೆಯದು. ಮುಕ್ಕಾಲು ಗಂಟೆಗಿಂತ ಲಂಬಿಸಬೇಡಿ. ಒಂದು ಹಾಡು, ಶಿಲುಬೆಯ ಗುರುತು, ಪಶ್ಚಾತ್ತಾಪದ ಪ್ರಾರ್ಥನೆ ಸೇರಿ ಏಳೆಂಟು ನಿಮಿಷ. ಮೊದಲ ವಾಚನ, ಕೀರ್ತನೆ, ಎರಡನೇ ವಾಚನ, ಶುಭಸಂದೇಶಕ್ಕೆ ಹನ್ನೆರಡು ನಿಮಿಷ. ಅದಾದ ಮೇಲೆ ಎರಡು ನಿಮಿಷ ಪೂರಾ ಮೌನ. ಮೊದಲ ವಾರ ಈ ಮೌನ ಮುಜುಗರ ತರುತ್ತದೆ, ಯಾರೋ ಹಾಡು ಶುರು ಮಾಡುತ್ತಾರೆ. ತಡೆಯಿರಿ. ಮುಂದೆ ಧರ್ಮಕೇಂದ್ರದ (ಮುಖ್ಯ ದೇವಾಲಯದ) ಗುರುಗಳು ಬರೆದುಕೊಟ್ಟ ಪ್ರಬೋಧನೆಯನ್ನು, ಅಂದರೆ ವಾಚನಗಳ ವಿವರಣೆಯನ್ನು, ಒಬ್ಬರು ಓದಲಿ. ಸ್ವಂತ ಪ್ರಸಂಗ ಬೇಡ. ಬಳಿಕ ವಿಶ್ವಾಸ ಪ್ರಮಾಣ, ಕೋರಿಕೆಗಳು, ಕೃತಜ್ಞತಾಸ್ತುತಿ. ಕೃತಜ್ಞತೆಗೆ ಒಂದು ಕೀರ್ತನೆಯಾಗಲಿ, ಲೂಕ 1:46-55ರಲ್ಲಿರುವ ಮರಿಯಮ್ಮನವರ ಸ್ತುತಿಗೀತೆಯಾಗಲಿ ಸಾಕು. ಕೊನೆಗೆ ಪರಲೋಕ ಮಂತ್ರ. ಧರ್ಮಾಧ್ಯಕ್ಷರ ಅನುಮತಿ ಪಡೆದವರು ಇದ್ದರೆ ಮಾತ್ರ ಆಗ ಪರಮಪ್ರಸಾದ ಹಂಚಬಹುದು. ಇಲ್ಲದಿದ್ದರೆ ಅದಿಲ್ಲದೆಯೇ ಮುಗಿಸಿ. ಕೊರತೆ ಕಾಣಬಾರದೆಂದು ಬ್ರೆಡ್ ತುಂಡು ಮಾಡಿ ಹಂಚುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. ಆ ಹಸಿವು ಹಾಗೇ ಇರಲಿ, ಮುಂದಿನ ಪೂಜೆಗೆ ಕಾಲು ತಾನೇ ಬೇಗ ಹೊರಡುತ್ತದೆ.

ಎಡವುವುದು ಎಲ್ಲಿ? ಬಹುಪಾಲು ನಡೆಸುವವರ ಕುರ್ಚಿಯಲ್ಲಿ. ನಿರ್ದೇಶಿಕೆ ಇದನ್ನು ಸ್ಪಷ್ಟವಾಗಿ ಹೇಳಿದೆ: ಗುರುಗಳ ಪೀಠ ಖಾಲಿಯಿರಬೇಕು, ನಡೆಸುವವರ ಕುರ್ಚಿ ಪೀಠವಿರುವ ಕಟ್ಟೆಯಿಂದ ಹೊರಗೆ, ಜನರ ಜೊತೆಗಿರಬೇಕು. ಬಲಿಪೀಠವನ್ನು ಬಳಸಬಾರದು. ಪರಮಪ್ರಸಾದವಿದ್ದರೆ ಅದನ್ನಿಡಲು ಮಾತ್ರ ಬಳಸಬಹುದು. ಕಾಣಿಕೆ ಅರ್ಪಣೆ ಇಲ್ಲ, ರೊಟ್ಟಿ-ದ್ರಾಕ್ಷಾರಸದ ಮೇಲೆ ಗುರುಗಳು ಹೇಳುವ ಪ್ರಾರ್ಥನೆಯಂತೂ ಇಲ್ಲವೇ ಇಲ್ಲ. ಜನರತ್ತ ಕೈಚಾಚಿ ಶುಭ ಕೋರುವ, ಆಶೀರ್ವದಿಸಿ ಕಳುಹಿಸುವ ಮಾತುಗಳೂ ಗುರುಗಳವೇ. ಇಷ್ಟು ಕಟ್ಟುನಿಟ್ಟು ಏಕೆಂದರೆ, ಪೂಜೆಯನ್ನೇ ಹೋಲುವ ಪ್ರಾರ್ಥನೆ ವರ್ಷವೊಂದು ನಡೆದರೆ ಜನರಿಗೆ ಎರಡರ ವ್ಯತ್ಯಾಸ ಮರೆತುಹೋಗುತ್ತದೆ. ನಡೆಸಿದವರು ಊರಿನ ಚಿಕ್ಕ ಸ್ವಾಮಿಯಾಗಿಬಿಡುತ್ತಾರೆ.

ಇದಕ್ಕೆ ಮದ್ದು, ಕೆಲಸ ಹಂಚುವುದು. ಜಪಾನಿನಲ್ಲಿ ಕ್ರೈಸ್ತಧರ್ಮ ನಿಷೇಧವಾದಾಗ ನಾಗಸಾಕಿ ಕಡೆಯ ಹಳ್ಳಿಯವರು ಎರಡು ಶತಮಾನಕ್ಕೂ ಹೆಚ್ಚು ಕಾಲ ಗುರುಗಳಿಲ್ಲದೆ ವಿಶ್ವಾಸ ಉಳಿಸಿಕೊಂಡರು. ಹಬ್ಬ, ಉಪವಾಸದ ದಿನಗಳ ಲೆಕ್ಕ ಇಡುವವನೊಬ್ಬ, ಜ್ಞಾನಸ್ನಾನ ಕೊಡುವವನೊಬ್ಬ, ಮನೆಮನೆಗೆ ಸುದ್ದಿ ಮುಟ್ಟಿಸುವವನೊಬ್ಬ. 1865ರಲ್ಲಿ ಫಾದರ್ ಪೆತಿಜಾನರು ಅಲ್ಲಿ ಕಟ್ಟಿದ ದೇವಾಲಯಕ್ಕೆ ಬಂದು ತಮ್ಮ ಗುರುತು ಹೇಳಿಕೊಂಡವರು ಇಂಥ ಹಳ್ಳಿಗರೇ. ನಿಮಗೂ ಮೂವರು ಸಾಕು: ವಾಚನ ನೋಡಿಕೊಳ್ಳುವವರು, ಪ್ರಾರ್ಥನೆ ನಡೆಸುವವರು, ಮನೆಮನೆಗೆ ಹೋಗುವವರು. ನಡೆಸುವವರು ಮೂರು ತಿಂಗಳಿಗೊಮ್ಮೆ ಬದಲಾಗಲಿ, ಹೆಂಗಸರೂ ಸರದಿಯಲ್ಲಿರಲಿ.

ವಾಚನ ಯಾವುದೆಂದು ತಿಳಿಯಲು ಇಸವಿಯನ್ನು 3ರಿಂದ ಭಾಗಿಸಿ. ಶೇಷ 1 ಉಳಿದರೆ ಮತ್ತಾಯರ ವರ್ಷ (ಆ ವರ್ಷ ಹೆಚ್ಚಾಗಿ ಮತ್ತಾಯರ ಶುಭಸಂದೇಶ ಓದುತ್ತೇವೆ), 2 ಉಳಿದರೆ ಮಾರ್ಕರದು, ಏನೂ ಉಳಿಯದಿದ್ದರೆ ಲೂಕರದು. 2026 ಮತ್ತಾಯರ ವರ್ಷ. ಆಗಮನ ಕಾಲದ (ಕ್ರಿಸ್ಮಸ್ಸಿಗೆ ಸಿದ್ಧತೆಯ ವಾರಗಳ) ಮೊದಲ ಭಾನುವಾರದಿಂದಲೇ ಮುಂದಿನ ಇಸವಿಯ ಲೆಕ್ಕ ಹಿಡಿಯಬೇಕು. ಡಿಸೆಂಬರಿನಲ್ಲಿ ತಪ್ಪು ಪುಟ ತೆರೆಯುವುದು ಇದನ್ನು ಮರೆತಾಗ. ಓದುವವರು ಶನಿವಾರ ರಾತ್ರಿಯೇ ಮೂರು ಸಲ ಗಟ್ಟಿಯಾಗಿ ಓದಿಕೊಳ್ಳಲಿ. ಸಂತ ಪೌಲರ ವಾಕ್ಯಗಳು ಉದ್ದ, ಉಸಿರು ಎಲ್ಲಿ ತೆಗೆಯಬೇಕೆಂದು ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳಲಿ. ಅಕ್ಷರ ಚಿಕ್ಕದಾದರೆ ನೋಟ್‌ಬುಕ್ಕಿಗೆ ದಪ್ಪಗೆ ಬರೆದುಕೊಳ್ಳಲಿ, ಆದರೆ ಗುಡಿಯಲ್ಲಿ ಆ ಹಾಳೆಯನ್ನು ಬೈಬಲಿನೊಳಗಿಟ್ಟು ಓದಲಿ.

ಕೋಲಾರ ಜಿಲ್ಲೆಯಲ್ಲಿ ಭಾಷೆಯ ಮಾತು ಎತ್ತದೆ ವಿಧಿಯಿಲ್ಲ. ಅಜ್ಜಿಗೆ ತಮಿಳೋ ತೆಲುಗೋ, ಮೊಮ್ಮಗುವಿಗೆ ಶಾಲೆಯ ಕನ್ನಡ. ಪ್ರತಿ ವಾಚನವನ್ನೂ ಎರಡೆರಡು ಸಲ ಓದಿದರೆ ಮಕ್ಕಳು ಎದ್ದು ಆಚೆ ಹೋಗುತ್ತಾರೆ. ವಾಚನ ಕನ್ನಡದಲ್ಲಿರಲಿ, ಒಂದೆರಡು ಹಾಡು, ಕೆಲವು ಕೋರಿಕೆ ಅಜ್ಜಿಯ ಭಾಷೆಯಲ್ಲಿರಲಿ. ಭಾಷೆಗೊಂದು ಕೂಟ ಮಾತ್ರ ಮಾಡಬೇಡಿ. ಒಂದು ಭಾನುವಾರಕ್ಕೆ ಒಂದೇ ಕೂಟ ಎನ್ನುತ್ತದೆ ನಿರ್ದೇಶಿಕೆ. ಬೇರೆ ಭಾಷೆಯಲ್ಲಾದರೂ ಪೂಜೆ ನಡೆಯುವ ದಿನ, ಹಿಂದಿನ ಸಂಜೆ ಪೂಜೆಯಾಗಿದ್ದರೂ ಸಹ, ಆ ಜಾಗದಲ್ಲಿ ಇಂಥ ಕೂಟ ಕೂಡದು.

ಆ ನಾಲ್ಕು ಮನೆಯವರನ್ನು ಬೈಯಬೇಡಿ. ಅಲ್ಲಿ ಅವರ ಮಗುವಿನ ಜ್ವರವನ್ನು ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ನಮ್ಮಲ್ಲಿ ಪೂಜೆ ಮುಗಿದ ಐದು ನಿಮಿಷಕ್ಕೆ ಎಲ್ಲರೂ ಬೈಕ್ ಹತ್ತಿರುತ್ತಾರೆ. ಕೋರಿಕೆಗಳ ಹೊತ್ತನ್ನು ಇದಕ್ಕಾಗಿಯೇ ಬಳಸಿ: ಮೊದಲು ಧರ್ಮಸಭೆಗೆ, ಆಮೇಲೆ ನಾಡನ್ನು ಆಳುವವರಿಗೆ, ನೊಂದವರಿಗೆ, ಕೊನೆಗೆ ನಿಮ್ಮೂರಿಗೆ. ಆ ಕೊನೆಯದರಲ್ಲಿ ಕಾಯಿಲೆಯವರ ಹೆಸರು, ಕೆಲಸ ಹುಡುಕುತ್ತಿರುವ ಹುಡುಗನ ಹೆಸರು ಬರಲಿ. ಒಂದೊಂದೂ ಒಂದೇ ವಾಕ್ಯ. ಮನೆಜಗಳದ ವಿವರ ಬೇಡ. ಪ್ರಾರ್ಥನೆ ಮುಗಿದ ಮೇಲೆ ಇಬ್ಬರು ಆ ಕಾಯಿಲೆಯವರ ಮನೆಗೆ ಹೋಗಿಬರಲಿ.

ಶುರು ಮಾಡುವ ಮೊದಲು ಮುಂದಿನ ಪೂಜೆಯ ದಿನ ಗುರುಗಳನ್ನು ಕಂಡು ಮಾತಾಡಿ. ಅವರ ಒಪ್ಪಿಗೆಯಿಲ್ಲದೆ, ಧರ್ಮಾಧ್ಯಕ್ಷರ ಕ್ರಮ ತಿಳಿಯದೆ ಆರಂಭಿಸಬೇಡಿ. ದೂರು ಹೊತ್ತು ಹೋಗದೆ ಒಂದು ಹಾಳೆ ಹಿಡಿದು ಹೋಗಿ: ಯಾವ ಭಾನುವಾರಗಳು, ಯಾವ ಹೊತ್ತು, ಯಾವ ಮೂವರು. ಪ್ರಬೋಧನೆಯನ್ನು ಶುಕ್ರವಾರದೊಳಗೆ ವಾಟ್ಸಾಪಿನಲ್ಲಿ ಕಳುಹಿಸಿಕೊಡಿ ಎಂದು ಕೇಳಿಕೊಳ್ಳಿ. ಗುಡಿಯ ಬೀಗದ ಕೈ ಒಂದೇ ಇದ್ದರೆ ಇನ್ನೊಂದು ಮಾಡಿಸಿ, ಬೇರೆ ಮನೆಯಲ್ಲಿಡಿ.