ಮೀನ್ ಮಾರ್ಕೆಟ್‌ನ್ಯಾಗ ಫೋಟೋ ತೆಗೀಬೇಕಂದ್ರ ಸಂಡೇ ಹನ್ನೊಂದಕ್ಕ ಹೋಗಬ್ಯಾಡ್ರಿ

ಪ್ರಶ್ನೆ: ಸರ್, ನಮ್ದು ಯಾದಗಿರಿ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೊಂಡೀನಿ. ಮೀನ್ ಮಾರ್ಕೆಟ್‌ನ್ಯಾಗ ದುಡಿಯೋರ ದಿನದ ಬದುಕು ತೆಗೀಬೇಕಂತ ಎರಡು ಸಂಡೇ ಹೋದೆ. ಮುಖ ಎಲ್ಲಾ ನೀಲಿ ಬಂದಾವ, ಮೀನ ಬೆಳ್ಳಗ ಹೊಡ್ದಾವ, ಮ್ಯಾಲ ಒಬ್ಬ ಅಕ್ಕ "ಏನ್ ತಮಾಷಿ ನೋಡಾಕ ಬಂದಿಯೇನೋ" ಅಂತ ಬೈದ್ಲು. ಏನ್ ಮಾಡ್ಲಿ?

ಉತ್ತರ: ಅಕ್ಕ ಬೈದದ್ದು ಬರೋಬ್ಬರಿನೇ ಅದ ಬಿಡ್ರಿ. ಸಂಡೇ ಹನ್ನೊಂದು ಗಂಟೆ ಅಂದ್ರ ಆಕಿ ಹೊಟ್ಟಿಪಾಡಿನ ಟೈಮು, ಮುಂದ ಹತ್ತು ಮಂದಿ ಗಿರಾಕಿ ನಿಂತಿರ್ತಾರ, ನೀವು ನಡುವ ಕ್ಯಾಮೆರಾ ಹಿಡ್ಕೊಂಡು ನಿಂತ್ರ ಯಾರಿಗೆ ಸಿಟ್ಟು ಬರಲ್ಲ ಹೇಳ್ರಿ? ಮಿರಗದ ದಿನ, ಅಂದ್ರ ಮೃಗಶಿರಾ ಮಳಿ ಕೂಡೋ ಜೂನ್ 7-8ಕ್ಕ, ಅಂತೂ ಮೊದಲನೇ ಸಲ ಹೋಗಲೇಬ್ಯಾಡ್ರಿ, ಅವತ್ತು ಮೀನ ತಿನ್ನಬೇಕಂತ ಊರಿಗೆ ಊರೇ ಅಲ್ಲಿರ್ತದ. ದಿನದ ಬದುಕು ಬೇಕಂದ್ರ ನಸುಕಿನ್ಯಾಗ ಹೋಗ್ರಿ, ಗಾಡಿಯಿಂದ ಥರ್ಮಾಕೋಲ್ ಡಬ್ಬಿ ಇಳಿಸ್ತಾರಲ್ಲ, ಬರ್ಫ ಒಡೀತಾರಲ್ಲ, ಆವಾಗ. ಇಲ್ಲಂದ್ರ ಮಧ್ಯಾಹ್ನ ಎರಡರ ಮ್ಯಾಲ, ಕಟ್ಟಿ ತೊಳೆದು ಬುತ್ತಿ ಬಿಚ್ಚಿ ಕೂಡೋ ಹೊತ್ತಿಗೆ.

ಮೊದಲನೇ ದಿನ ಕ್ಯಾಮೆರಾ ಬ್ಯಾಗಿನ್ಯಾಗೇ ಇರ್ಲಿ, ಅರ್ಧ ಕಿಲೋ ರೋಹು ತಗೊಂಡು ನಾಕು ಮಾತಾಡ್ರಿ. ನಾನೂ ಕಲಬುರಗಿಯಾಗ ಶುರುವಿಗೆ ದೂರದಿಂದ ಝೂಮ್ ಹಾಕಿ ಕದ್ದು ತೆಗೀತಿದ್ದೆ, ಸಿಕ್ಕಿಬಿದ್ದೆ, ಮೂರು ತಿಂಗಳು ಯಾರೂ ಮುಖ ಕೊಡ್ಲಿಲ್ಲ. ಕಡೀಕ ನಾಕು-ಆರು ಇಂಚಿನ ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ. ಒಬ್ಬಾಕಿ ಒದ್ದಿ ಕೈ ಸೀರಿಗೆ ಒರೆಸ್ಕೊಂಡು ಫೋಟೋ ತುದಿಲೆ ಹಿಡಿದು ನೋಡಿದ್ಲು, "ನನ್ನ ಕೈಯಾನ ಬಳಿ ಕಾಣವಲ್ಲವು, ಮುಂದಿನ ಸಲ ಬಳಿ ಬರೋಹಂಗ ತೆಗಿ" ಅಂದು ರೊಕ್ಕದ ಡಬ್ಬಿ ಮುಚ್ಚಳದೊಳಗ ಸಿಗಿಸಿಕೊಂಡ್ಲು. ಅವತ್ತಿನಿಂದ ನಾನೇ ಫೋಟೋದಣ್ಣ.

ಇನ್ನ ನೀಲಿ ಮುಖದ್ದು. ಅದು ಕ್ಯಾಮೆರಾದ ತಪ್ಪಲ್ಲ, ಮ್ಯಾಲ ಕಟ್ಟಿದ ನೀಲಿ ತಾಡಪಲ್‌ದ್ದು. ಬಿಸಿಲು ಅದರಾಗಿಂದ ಸೋಸಿ ಬರ್ತದ, ಹೊರಗ ಬೆಳ್ಳನ ಬೆಳಕು, ಎರಡೂ ಒಂದೇ ಫ್ರೇಮ್‌ನ್ಯಾಗ ಬಂದ್ರ ಬೆಳಕಿನ ಬಣ್ಣ ತಾನೇ ಸರಿ ಮಾಡೋ ಆಟೋ ವೈಟ್ ಬ್ಯಾಲೆನ್ಸ್ ಏನ್ ಮಾಡ್ಬೇಕು ಪಾಪ. ತಾಡಪಲ್ ಅಂಚಿಗೆ ಕುಂತೋರನ್ನ ಹುಡುಕ್ರಿ, ಆಕಾಶದ ಬೆಳಕು ಸೀದಾ ಮುಖದ ಮ್ಯಾಲ ಬೀಳ್ತದ, ರಾ ಫೈಲ್‌ನ್ಯಾಗ ತೆಗೀರಿ, ಅದರಾಗ ಬಣ್ಣ ಆಮ್ಯಾಲ ಸರಿ ಮಾಡ್ಕೋಬಹುದು. ಬಣ್ಣ ಕೆಟ್ಟಿತಂತ ಎಲ್ಲಾದಕ್ಕೂ ಬ್ಲ್ಯಾಕ್ ಅಂಡ್ ವೈಟ್ ಮಾಡೋ ಚಟ ನನಗ ಸೇರಲ್ಲ. ಮೀನಿನ ಹುರುಪಿ ಕನ್ನಡಿ ಇದ್ದಂಗ ಹೊಳೀತದ, ಅದಕ್ಕೇ ಬೆಳ್ಳಗ ಹೊಡೀತಾವ, ಎಕ್ಸ್‌ಪೋಷರ್ (ಫೋಟೋಕ್ಕ ಬೀಳೋ ಬೆಳಕು) ಮೈನಸ್ 0.7ಕ್ಕ ಇಳಿಸ್ಕೋರಿ.

ನಸುಕಿನ್ಯಾಗ ಟ್ಯೂಬ್‌ಲೈಟ್ ಕೆಳಗ ಶಟರ್ 1/100 ಸೆಕೆಂಡಿಗೆ ಇಡ್ರಿ. ನಮ್ಮ ಕರೆಂಟು 50 ಹರ್ಟ್ಜ್, ಲೈಟು ಸೆಕೆಂಡಿಗೆ 100 ಸಲ ಮಿಣಕ್ತದ, ಶಟರ್ ಜೋರು ಮಾಡಿದ್ರ ಪಟ್ಟಿ ಪಟ್ಟಿ ಬರ್ತದ. ಐಎಸ್‌ಓ, ಅಂದ್ರ ಕ್ಯಾಮೆರಾ ಬೆಳಕು ಹಿಡಿಯೋ ಚುರುಕು, 3200 ಆಗಿ ಫೋಟೋ ಸ್ವಲ್ಪ ಕಾಳು ಕಾಳು ಬಂದ್ರೂ ಅಂಜಬ್ಯಾಡ್ರಿ. ಕೈ ಅಲುಗಾಡಿದ್ರ ಅಲುಗಾಡ್ಲಿ, ಮುಖ ನಿಂತಿದ್ರ ಸಾಕು, ಕೆಲಸದ ಜೋರು ಕಾಣೋದೇ ಆ ಅಲುಗಾಟದಾಗ. ಬೂದಿ ಹಚ್ಕೊಂಡು ಕೊರಮೀನ ಹಿಡಿಯೋ ಕೈ ಇದೆಯಲ್ಲ, ಜಾರಬಾರ್ದಂತ ಬೂದಿ, ಅದನ್ನ ಮಾತ್ರ ಹಗಲಿನ್ಯಾಗ 1/500ಕ್ಕ ತೆಗೀರಿ, ಬೆರಳಿನ ಗೆರಿ ಗೆರಿ ಬರ್ತದ.

ಲೆನ್ಸಿಗೆ ಒಂದು ಯುವಿ ಫಿಲ್ಟರ್ ಹಾಕ್ಕೊಂಡೇ ಹೋಗ್ರಿ. ಹುರುಪಿ ಹಾರಿ ಕುಂತ್ರ ಹಸಿ ಇದ್ದಾಗಲೇ ಒದ್ದಿ ಬಟ್ಟಿಲೆ ತೆಗೀರಿ, ಒಣಗಿತಂದ್ರ ಗೋಂದು ಹಚ್ಚಿದಂಗ ಕೂಡ್ತದ.