ಕಡಲೆಯ ಜೀನೋಮ್ ಓದಿದರೆ ರೈತನಿಗೆ ಏನು ಸಿಗುತ್ತೆ?

ನೀವು ಕೇಳಿದ್ದು ಎರಡು. ಬೆಳೆಗಳ ಜೀನೋಮ್ ಸೀಕ್ವೆನ್ಸಿಂಗ್‌ನಿಂದ ರೈತರಿಗೇನು ಲಾಭ, ಮತ್ತೆ ಅದರಿಂದ ಬಂದ ತಳಿ ಕುಲಾಂತರಿನೇ ಅಲ್ವಾ ಅಂತ. ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಅಲ್ಲ. ಜೀನೋಮ್ ಅಂದರೆ ಒಂದು ಜೀವಿಯ ಡಿಎನ್ಎಯಲ್ಲಿ ಬರೆದಿರುವ ಪೂರ್ತಿ ಮಾಹಿತಿ, ಸೀಕ್ವೆನ್ಸಿಂಗ್ ಅಂದರೆ ಅದರ ಅಕ್ಷರಗಳನ್ನು ಓದುವುದು ಅಷ್ಟೇ, ತಿದ್ದುವುದಲ್ಲ.

ನಮ್ಮದು ಎರೆ ಹೊಲ. ಹಿಂಗಾರಿಗೆ ಕಡಲೆ, ಅದೂ ಅಣ್ಣಿಗೇರಿ-1. ಅಪ್ಪ ಬೇರೆ ತಳಿ ಮುಟ್ಟುತ್ತಿರಲಿಲ್ಲ. ಆದರೆ ಅದಕ್ಕೆ ಸೊರಗು ರೋಗದ ಕಾಟ. ಚೆನ್ನಾಗಿದ್ದ ಗಿಡ ಜೋತುಬಿದ್ದು ಒಣಗುತ್ತೆ, ಕಾಂಡ ಸೀಳಿ ನೋಡಿದರೆ ನಡುವೆ ಕಪ್ಪು ಗೆರೆ. ಇದು ಮಣ್ಣಲ್ಲಿ ವರ್ಷಗಟ್ಟಲೆ ಬದುಕುವ ಶಿಲೀಂಧ್ರ, ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತೆ.

ಡಬ್ಲ್ಯುಆರ್ 315 ಅನ್ನೋ ಇನ್ನೊಂದು ಕಡಲೆಗೆ ಈ ರೋಗ ತಾಳುವ ಶಕ್ತಿ ಇದೆ. ಎರಡನ್ನೂ ಕೂಡಿಸಿದರೆ ಮರಿಗಿಡದಲ್ಲಿ ಅರ್ಧ ಮಾತ್ರ ಅಣ್ಣಿಗೇರಿ. ಮತ್ತೆ ಮತ್ತೆ ಅಣ್ಣಿಗೇರಿ ಜೊತೆಗೇ ಕೂಡಿಸುತ್ತಾ ಹೋಗಬೇಕು, ಮುಕ್ಕಾಲು, ಆಮೇಲೆ ಎಂಟರಲ್ಲಿ ಏಳು ಪಾಲು, ಹೀಗೆ. ತೊಂದರೆ ಏನಂದರೆ ಪ್ರತಿ ಸಲವೂ ಸುಮಾರು ಅರ್ಧ ಗಿಡಗಳಲ್ಲಿ ರೋಗ ತಾಳುವ ಶಕ್ತಿ ಕೊಡುವ ಡಿಎನ್ಎ ತುಣುಕು ಕಳೆದುಹೋಗಿರುತ್ತೆ, ಕಣ್ಣಿಗೆ ಮಾತ್ರ ಎಲ್ಲವೂ ಒಂದೇ ಥರ. ಮೊದಲೆಲ್ಲ ರೋಗದ ಮಣ್ಣಲ್ಲಿ ಬೆಳೆಸಿ, ಯಾವುದು ಸಾಯುತ್ತೆ ಅಂತ ಕಾಯಬೇಕಿತ್ತು. ಈಗ ಸಸಿಯ ಒಂದು ಎಲೆ ಕಿತ್ತು, ಡಿಎನ್ಎ ತೆಗೆದು, ಆ ತುಣುಕಿನ ಪಕ್ಕದ ಗುರುತು ಇದೆಯಾ ನೋಡಿದರೆ ಸಾಕು. ಇಲ್ಲದ್ದನ್ನು ಕಿತ್ತು ಎಸೆಯಬಹುದು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ ಹೀಗೇ ಸೂಪರ್ ಅಣ್ಣಿಗೇರಿ-1 ಮಾಡಿದ್ದು.

ನಿಜ ಹೇಳಬೇಕಂದರೆ ಆ ಗುರುತುಗಳು ಜೀನೋಮ್ ಪೂರ್ತಿ ಓದುವ ಮೊದಲೇ ಸಿಕ್ಕಿದ್ದವು. ಕಡಲೆಯ ಜೀನೋಮ್ ಪ್ರಕಟವಾದದ್ದು 2013ರಲ್ಲಿ, ಅದೂ ಕೆನಡಾದ ಕಾಬೂಲಿ ತಳಿಯದ್ದು. ಸುಮಾರು 74 ಕೋಟಿ ಅಕ್ಷರ, 28 ಸಾವಿರ ಚಿಲ್ಲರೆ ಜೀನ್. ಹಾಗಾದರೆ ಅದರಿಂದ ಏನಾಯಿತು? ಮೊದಲು ದಾರಿಯಲ್ಲಿ ನಾಲ್ಕೈದು ಮೈಲಿಗಲ್ಲು ಇದ್ದವು, ಈಗ ಇಡೀ ಊರಿನ ನಕ್ಷೆ ಕೈಗೆ ಬಂತು. 2021ರಲ್ಲಂತೂ 3,366 ಬಗೆಯ ಕಡಲೆಗಳ ಜೀನೋಮ್ ಓದಿ ಹೋಲಿಸಿದರು, ಅದರಲ್ಲಿ 195 ಕಾಡು ಕಡಲೆ. ನನ್ನ ಕಣ್ಣಿಗೆ ದೊಡ್ಡ ಕೆಲಸ ಇದೇ. ಒಂದೇ ಗಿಡ ಓದಿದರೆ ಯಾವ ಅಕ್ಷರದಿಂದ ಏನು ವ್ಯತ್ಯಾಸ ಅಂತ ಗೊತ್ತಾಗಲ್ಲ, ಸಾವಿರಾರು ಗಿಡಗಳನ್ನು ಪಕ್ಕಪಕ್ಕ ಇಟ್ಟಾಗಲೇ ಕಾಣೋದು.

ಅಂದಹಾಗೆ ಸೂಪರ್ ಅಣ್ಣಿಗೇರಿ-1 ಹೈಬ್ರಿಡ್ ಕೂಡ ಅಲ್ಲ, ಬೀಜ ಎತ್ತಿಟ್ಟುಕೊಂಡು ಮುಂದಿನ ವರ್ಷ ಬಿತ್ತಬಹುದು. ಆದರೆ ಒಣ ಬೇರು ಕೊಳೆ ರೋಗ ಬಂದರೆ ಆ ತುಣುಕು ಕೆಲಸಕ್ಕೆ ಬರಲ್ಲ, ಅದು ಬೇರೆಯೇ ಶಿಲೀಂಧ್ರ.